ಸಹಲೇಖಕಿ

ಪ್ರಮೋಷನ್ ಬೇಕಾದರೆ ಹೊರಗಿನ ವಿದ್ವಾಂಸರ ಜೊತೆ ಸೇರಿ ಬರೆದ ಪ್ರಬಂಧ ತೋರಿಸಬೇಕಿತ್ತು. ನನಗೆ ಯಾರೂ ಸಿಗಲಿಲ್ಲ. ಹಾಗಾಗಿ ಒಬ್ಬರನ್ನು ಹುಟ್ಟಿಸಿದೆ: ಡಾ. ಮಂದಾಕಿನಿ ಹೊಸಂಗಡಿ. ಹೆಸರು ಯಾವುದೋ ಮದುವೆ ಪತ್ರಿಕೆಯದು, ಊರು ಬಸ್ಸಿನ ಬೋರ್ಡಿನದು. ಆರು ವರ್ಷ ಯಾರೂ ಕೇಳಲಿಲ್ಲ.

ಇವತ್ತು ಸಂದರ್ಶನದಲ್ಲಿ ಸಮಿತಿಯ ಅಧ್ಯಕ್ಷರು ಪರದೆಯ ಮೇಲೆ ನಕ್ಷೆಯೊಂದನ್ನು ತೋರಿಸಿದರು. ಯಾರು ಯಾರ ಜೊತೆ ಬರೆದಿದ್ದಾರೆ ಎಂಬ ಗೆರೆಗಳು. ಮಂದಾಕಿನಿಯ ಚುಕ್ಕಿಯಿಂದ ನನ್ನ ಕಡೆಗೆ ಒಂದು ಗೆರೆ. ಬೇರೆಯವರ ಕಡೆಗೆ ನಲವತ್ತು.

"ನಿಮಗೆ ಹನ್ನೊಂದು ಉಲ್ಲೇಖ, ಇವರಿಗೆ ನಾನೂರು. ಇವರನ್ನು ನೋಡಿದ್ದೀರಾ?"

"ಫೋನಿನಲ್ಲಿ ಮಾತಾಡಿದ್ದೇನೆ, ಸರ್."

"ಧ್ವನಿ ಹೇಗಿದೆ?"

ನಾನು ಮುಂದಿದ್ದ ಫೈಲಿನ ಪುಟ ತಿರುವಿದೆ. ಅಧ್ಯಕ್ಷರು ಉಳಿದ ಸದಸ್ಯರನ್ನು ಟೀಗೆ ಕಳಿಸಿ, ಬಾಗಿಲಿಗೆ ಚಿಲಕ ಹಾಕಿ ಬಂದರು.

"ನಿಜ ಹೇಳಿ. ಇವರು ಇದ್ದಾರಾ?"

"ಇಲ್ಲ ಸರ್. ನಾನೇ ಹುಟ್ಟಿಸಿದ್ದು. ತಪ್ಪಾಯಿತು."

ಅವರು ಕುರ್ಚಿಯಲ್ಲಿ ಕುಸಿದು ಕೂತರು.

"ಮೆಲ್ಲಗೆ ಮಾತಾಡಿ. ನನ್ನ ಹದಿನಾಲ್ಕು ಪ್ರಬಂಧಗಳನ್ನು ಇವರ ಜೊತೆಗೇ ಬರೆದಿದ್ದೇನೆ."