ಕೈಪಿಡಿ ಇಲ್ಲದ ಸಾಲು

‘ಟ್ರ್ಯಾಪ್ ಎಂಬುದಕ್ಕೆ ಕೈಪಿಡಿ ಇಲ್ಲ’ ಎಂದು ಕಂಪ್ಯೂಟರ್ ಪರದೆ ನಾಲ್ಕನೇ ಸಲ ಹೇಳಿದಾಗ ತಿಯೊಂಗೆಯ ಬೆರಳು ಅಳಿಸುವ ಕೀಲಿಯ ಮೇಲೆ ನಿಂತಿತು. ಜೊಂಬಾ ಊರಿನ ಕಾಲೇಜು ಗ್ರಂಥಾಲಯದ ದಾಖಲೆಗಳನ್ನು ದಿನವೂ ನಕಲು ಮಾಡಿಡುವ ಸ್ಕ್ರಿಪ್ಟಿನಲ್ಲಿ, ಅಂದರೆ ಆಜ್ಞೆಗಳ ಸಾಲುಪಟ್ಟಿಯಲ್ಲಿ, ‘ಟ್ರ್ಯಾಪ್’ ಎಂಬ ಆ ಒಂದು ಆಜ್ಞೆ ಅವಳಿಗೆ ಅರ್ಥವಾಗಿರಲಿಲ್ಲ. ಕೈಪಿಡಿಯೇ ಇಲ್ಲವೆಂದರೆ ಅದು ತಪ್ಪೇ ಇರಬೇಕು. ಆದರೆ ಅಳಿಸಿ ದಾಖಲೆಗಳೇ ಹಾಳಾದರೆ? ಕೇಳೋಣವೆಂದರೆ ಕೋಣೆಯಲ್ಲಿ ಅವಳೊಬ್ಬಳೇ. ಆ ಸ್ಕ್ರಿಪ್ಟನ್ನು ಬರೆದ, ಎಲ್ಲರೂ ಗೌರವದಿಂದ ‘ಬಾಂಬೊ’ ಎನ್ನುತ್ತಿದ್ದ ಹಿರಿಯರು ಕಡೆವೆರೆ ನಿವೃತ್ತರಾಗಿ ಐದು ತಿಂಗಳಾಗಿತ್ತು. ಬರೀ ಸಂಜೆ ತರಗತಿಯಲ್ಲಿ ಕಲಿತವಳೆಂದು ನಕ್ಕಾರೇನೋ ಎಂಬ ಅಳುಕಿನಲ್ಲೇ ಅವರಿಗೆ ಫೋನ್ ಮಾಡಿದಳು.

“ಕೈಪಿಡೀಲಿ ಹುಡುಕಿದ್ಯಾ? ಅಲ್ಲೆಲ್ಲಿ ಸಿಗುತ್ತೆ ಮಾರಾಯ್ತಿ!” ಮುದುಕರು ನಕ್ಕೇಬಿಟ್ಟರು. ಅವರು ಶೇಂಗಾ ಸುಲಿಯುತ್ತಿದ್ದ ಸದ್ದು ಕೇಳುತ್ತಿತ್ತು. “ನೀನು ಆಜ್ಞೆ ಟೈಪ್ ಮಾಡ್ತಿರೋ ಆ ಶೆಲ್ ಅನ್ನೋ ಪ್ರೋಗ್ರಾಮ್ ಇದೆಯಲ್ಲ, ಅದರ ಹೊಟ್ಟೆಯೊಳಗೇ ಇದೆ ಅದು. ಅದನ್ನೇ ಕೇಳು. ‘ಹೆಲ್ಪ್ ಟ್ರ್ಯಾಪ್’ ಅಂತ ಹೊಡಿ. ಹೊಸದರಲ್ಲಿ ಒಂದ್ಸಲ ನಾನೂ ಇಂಥದೇ ಸಾಲು ಅಳಿಸಿ ಬೈಸ್ಕೊಂಡಿದೀನಿ.”

ಹೊಡೆದಳು. ಪರದೆ ತುಂಬ ವಿವರಣೆ ಬಂತು. ಕೆಲಸ ನಡುವೆ ನಿಂತುಹೋದರೆ ಅರೆಬರೆ ನಕಲನ್ನು ತೆಗೆದುಹಾಕುವ ಸಾಲು ಅದು. ಸದ್ಯ, ಮುಟ್ಟಿರಲಿಲ್ಲ.

“ತೊಂದರೆ ಕೊಟ್ಟೆ, ಬಾಂಬೊ. ಫೋನ್ ಇಡ್ಲಾ?”

ಶೇಂಗಾ ಸುಲಿಯುವ ಸದ್ದು ನಿಂತಿತು. “ಇನ್ನೇನೂ ಕೇಳೋದಿಲ್ವಾ? ಬಿಟ್ಟುಬಂದ ಮೇಲೆ ಅಲ್ಲಿಂದ ಇದೇ ಮೊದಲ ಫೋನು.”

ತಿಯೊಂಗೆ ಖಾಲಿ ಕೋಣೆಯನ್ನೊಮ್ಮೆ ನೋಡಿ ಕುರ್ಚಿ ಎಳೆದುಕೊಂಡು ಕುಳಿತಳು. ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಹೋಗುವ ‘ಸಿಡಿ’ ಆಜ್ಞೆಯನ್ನು ಅವಳು ಸಂಜೆ ತರಗತಿಯ ಮೊದಲ ದಿನವೇ ಕಲಿತಿದ್ದಳು.

“ಈ ಸಿಡಿ ಅನ್ನೋದು ಏನು ಮಾಡುತ್ತೆ, ಬಾಂಬೊ?” ಎಂದು ಕೇಳಿದಳು.