ಕಿವಿಯೋ ಕಾಲೋ

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರು ಎಂದಿನಂತೆ ಕೇಳಿದರು, "ಈ ಸಲ ಏನ್ ಕೊಡ್ತೀರಿ, ತಾಯಿ?"

ಇಂದುಮತಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ನರಗಳ ಮೇಲಿನ ಹೊದಿಕೆ ಸವೆಯುತ್ತಿತ್ತು. ಈಗೆಲ್ಲ ಅದಕ್ಕೆ ಇರುವುದು ಒಂದೇ ಚಿಕಿತ್ಸೆ, ದೇಹದ ಒಂದು ಕಡೆಯ ಹೊದಿಕೆ ತೆಗೆದು ಇನ್ನೊಂದು ಕಡೆ ಹಾಕುವುದು. ಕಣ್ಣು ಉಳಿಸಿಕೊಳ್ಳಲು ಅವಳು ನಾಲಿಗೆಯ ರುಚಿಯನ್ನು ಕೊಟ್ಟಿದ್ದಳು. ಬಲಗೈಗಾಗಿ ಎಡಗೈಯನ್ನೇ ಬಿಟ್ಟುಕೊಟ್ಟಿದ್ದಳು. ಈಗ ಕಾಲುಗಳ ಸರದಿ.

"ಕಾಲು ಉಳೀಬೇಕಂದ್ರ ಕಿವಿ ಕೊಡಬೇಕಾಗ್ತದ," ಎಂದರು ಡಾಕ್ಟರು.

"ಕೊಟ್ಟುಬಿಡು," ಎಂದ ಗಂಡ ಚನ್ನಬಸು ಮೆಲ್ಲಗೆ. "ಏನಿದ್ರೂ ನಾ ಬರದು ತೋರಸ್ತೀನಿ."

ಇಂದುಮತಿಗೆ ಸಿಟ್ಟು ಒತ್ತರಿಸಿ ಬಂತು. "ನನ್ನ ಕಡೆಯಿಂದನ ಕಸಗೊಂಡು ನನಗ ಕೊಡ್ತೀರಿ. ಇದಕ್ಕ ಔಷಧ ಅಂತಾರೇನ್ರಿ?"

ಡಾಕ್ಟರು ತಲೆ ತಗ್ಗಿಸಿದರು.

ಮನೆಯಲ್ಲಿ ಬಿಟ್ಟುಬಂದಿದ್ದ ಮಗು ಗೌರಿಗೆ ಈಗಷ್ಟೇ ಮಾತು ಬರುತ್ತಿತ್ತು. "ನೀರು" ಎನ್ನಲು ಹೋಗಿ "ನೀಲು" ಎನ್ನುತ್ತಿತ್ತು. ಅದನ್ನು ಬರೆದು ತೋರಿಸಲು ಯಾರಿಂದಾದೀತು? ಇಂದುಮತಿ ಕಣ್ಣೊರೆಸಿಕೊಂಡು, "ಕಾಲು ಹೋದ್ರ ಹೋಗ್ಲಿ ಬಿಡ್ರಿ," ಎಂದಳು. ಚನ್ನಬಸು ಗೋಡೆಯ ಕಡೆ ಮುಖ ತಿರುಗಿಸಿ ಅತ್ತ.

ದೀಪಾವಳಿಯ ಹೊತ್ತಿಗೆ ಕಾಲುಗಳು ಪೂರ್ತಿ ಸೋತುಹೋದವು. ಗಾಲಿಕುರ್ಚಿಯಲ್ಲಿ ಕುಳಿತು ಅವಳು ಮಗುವಿನ ಹೊಸ ಹೊಸ ಮಾತುಗಳನ್ನು ಕೇಳುತ್ತಿದ್ದಳು. ಒಂದು ಸಂಜೆ ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ, ಜಗಲಿಯ ಮೇಲೆ ಅವಳೊಬ್ಬಳೇ ಇದ್ದಳು. ಮೆಟ್ಟಿಲ ಕೆಳಗೆ, ಅಂಗಳದಲ್ಲಿ ಆಡುತ್ತಿದ್ದ ಗೌರಿ ಎಡವಿ ಬಿತ್ತು. ಮೊಣಕಾಲು ತರಚಿ ರಕ್ತ ಬಂತು. ಅದು ಮೇಲೆ ನೋಡಿ ಎರಡೂ ಕೈ ಚಾಚಿತು.

"ಅವ್ವಾ, ಲಗೂ ಬಾ!"

ಇಂದುಮತಿಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು.