ಹದಿನಾಲ್ಕನೇ ಅಧ್ಯಾಯದೊಳಗೆ

"ಹದಿನಾಲ್ಕನೇ ಅಧ್ಯಾಯ ಮುಗೀತು, ನಿಮ್ಮ ಗುನ್ನಾರ್ ಇನ್ನೂ ಒಳ್ಳೆಯವನಾಗಿಲ್ಲ" ಎಂದಳು ಪ್ರಕಾಶಕರ ಕಚೇರಿಯ ಕೆಂಡ್ರಾ, ಫೋನಿನಲ್ಲಿ. "ಕರಾರಿನ ಏಳನೇ ಷರತ್ತು ನೆನಪಿದೆ ತಾನೇ?"

ವೆರ್ನಾ ಟಾಲೆಫ್ಸನ್‌ಗೆ ಅದು ಬಾಯಿಪಾಠ. ಹಿಂದಿನ ಇಪ್ಪತ್ತೆರಡು ಕಾದಂಬರಿಗಳಿಗೂ ಅದೇ ಷರತ್ತಿಗೆ ಸಹಿ ಹಾಕಿದ್ದಳು: ಕಥೆಯ ಕೆಟ್ಟ ಮನುಷ್ಯ ಹದಿನಾಲ್ಕನೇ ಅಧ್ಯಾಯದೊಳಗೆ, ಓದುಗರಿಗೆ ಸ್ಪಷ್ಟವಾಗಿ ತಿಳಿಯುವಂತೆ, ಮನಸ್ಸು ಬದಲಾಯಿಸಿಕೊಳ್ಳತಕ್ಕದ್ದು. ಆ ಇಪ್ಪತ್ತೆರಡು ಕೆಟ್ಟವರೂ ಹೊತ್ತಿಗೆ ಸರಿಯಾಗಿ ಅತ್ತು, ಕ್ಷಮೆ ಕೇಳಿ, ಹದಿನೈದನೇ ಅಧ್ಯಾಯದಲ್ಲಿ ಚರ್ಚಿಗೆ ಹೋಗಿದ್ದರು. ಈ ಸಲದವನು ಮಾತ್ರ ಜಪ್ಪಯ್ಯ ಎಂದರೂ ಬಗ್ಗುತ್ತಿರಲಿಲ್ಲ.

"ಒಂದು ವಾರ ಕೊಡಮ್ಮ" ಎಂದು ಫೋನಿಟ್ಟಳು.

ಮೇಜಿನ ಆಚೆ ಗಂಡ ಆರ್ಲಿನ್ ಕಾಫಿ ಕುಡಿಯುತ್ತಿದ್ದ. ಕಾಲೇಜಿನಲ್ಲಿ ಮೂವತ್ತು ವರ್ಷ ಕರಾರು ಕಾನೂನಿನ ಮೊದಲ ಪಾಠಗಳನ್ನು ಹೇಳಿ ನಿವೃತ್ತನಾದವನು. "ಪ್ರಸ್ತಾಪ ಬಂತು, ಒಪ್ಪಿಗೆ ಕೊಟ್ಟೆ, ಪ್ರತಿಫಲ ಅಂತ ಮುಂಗಡ ತಗೊಂಡೆ. ಈ ಫ್ರಿಜ್ಜು ಅದರದ್ದೇ. ಇನ್ನೇನು ಉಳೀತು? ಅವನನ್ನ ಬದಲಾಯಿಸಿಬಿಡು."

"ನೀವೇ ಹೇಳಿಕೊಡಿ ಮೇಷ್ಟ್ರೇ" ಎಂದಳು ವೆರ್ನಾ. ಕೆಣಕುವಾಗ ಮಾತ್ರ ಅವಳು ಗಂಡನಿಗೆ ಬಹುವಚನ ಕೊಡುತ್ತಿದ್ದಳು. "ಅವನ ಪರಿಚಯ ನಿಮಗೆ ಚೆನ್ನಾಗಿದೆಯಲ್ಲ."

ಕಾದಂಬರಿಯ ಗುನ್ನಾರ್, ಸರೋವರದ ದಂಡೆಯ ಮರದ ಮನೆಯನ್ನು ತಾನೇ ಇಟ್ಟುಕೊಂಡಿದ್ದ. ಅದನ್ನು ತಂಗಿಗೆ ಕೊಡುತ್ತೇನೆಂದು ಅಪ್ಪನೇ ಸಾಯುವ ಮುಂಚೆ ಬಾಯಿಮಾತಿನಲ್ಲಿ ಹೇಳಿದ್ದ. ಆರ್ಲಿನ್ ಮಾಡಿದ್ದೂ ಅದನ್ನೇ. ಅಪ್ಪನನ್ನು ಆರು ವರ್ಷ ನೋಡಿಕೊಂಡವಳು ತಂಗಿ ಆರ್ಡಿಸ್. ಉಯಿಲಿನಲ್ಲಿ ಇದ್ದದ್ದು ಆರ್ಲಿನ್ ಹೆಸರು. ಹಿಂದೆ ಮಾಡಿದ ಉಪಕಾರ ಪ್ರತಿಫಲವಲ್ಲ, ಪ್ರತಿಫಲವಿಲ್ಲದ ಮಾತು ಕರಾರಲ್ಲ ಎಂಬುದಕ್ಕೆ ಅವನು ಪ್ರತಿವರ್ಷ ತರಗತಿಯಲ್ಲಿ ಇದನ್ನೇ ಉದಾಹರಣೆ ಕೊಡುತ್ತಿದ್ದ, ಹೆಸರು ಹೇಳದೆ. ಊರಿನ ಅರ್ಧ ಮಂದಿ ಅವನ ವಿದ್ಯಾರ್ಥಿಗಳು, ಹೆಸರು ಹೇಳುವ ಅಗತ್ಯವೂ ಇರಲಿಲ್ಲ. ಹನ್ನೊಂದು ಮೈಲಿ ಆಚೆಗಿದ್ದ ಆರ್ಡಿಸ್ ಅಣ್ಣನೊಡನೆ ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಗಿತ್ತು.

"ಕಾನೂನು ಪ್ರಕಾರ ಗುನ್ನಾರ್ ತಪ್ಪು ಮಾಡಿಲ್ಲ" ಎಂದ ಆರ್ಲಿನ್.

"ನಾನು ಕಾನೂನು ಕೇಳಲಿಲ್ಲ."

ಮೂರು ದಿನ ಕಳೆಯಿತು. ಗುರುವಾರ ಆರ್ಲಿನ್ ಕಪಾಟಿನ ತಳದಿಂದ ಒಂದು ಗಾಜಿನ ಪಾತ್ರೆಯನ್ನು ಹೊರತೆಗೆದ. ಅಡಿಯಲ್ಲಿ ಅಂಟಿಸಿದ್ದ ಟೇಪಿನ ಮೇಲೆ 'ಆರ್ಡಿಸ್' ಎಂದಿತ್ತು. ಅಪ್ಪನನ್ನು ಮಣ್ಣು ಮಾಡಿದ ದಿನ ಅವಳು ಅದರಲ್ಲಿ ಆಲೂಗಡ್ಡೆ ಬೇಯಿಸಿ ತಂದಿದ್ದಳು. ಉಯಿಲು ಓದಿದ ಮೇಲೆ ಅದನ್ನು ಹಿಂತಿರುಗಿಸಲು ಯಾರಿಗೂ ಮುಖವಿರಲಿಲ್ಲ.

"ಬರೀ ಪಾತ್ರೆ ವಾಪಸ್ ಕೊಡಬಾರದು" ಎಂದಳು ವೆರ್ನಾ.

"ಗೊತ್ತು" ಎಂದು ಅವನು ಪಾತ್ರೆಯನ್ನು ಎತ್ತಿಕೊಂಡು ಕಾರು ಹತ್ತಿದ. ಮಧ್ಯಾಹ್ನದ ಊಟಕ್ಕೆ ಮುಂಚೆ ವಾಪಸ್ ಬಂದ.

"ಏನಂದೆ ಅವಳಿಗೆ?"

"ಸರೋವರದ ಮನೆ ದೋಣಿಕಟ್ಟೆ ಹಲಗೆ ಕೊಳೆತಿದೆ, ಯಾರಾದ್ರೂ ನೋಡ್ಕೋಬೇಕು ಅಂದೆ."

"ಅವಳೇನಂದ್ಲು?"

"ಹೂಂ ಅಂದ್ಲು. ಕಾಫಿ ಕೊಟ್ಲು."

"ಪಾತ್ರೆಯಲ್ಲಿ ಏನಿಟ್ಟಿದ್ದೆ?"

"ಆ ಮನೆ ಬೀಗದ ಕೈ. ಅದನ್ನ ಅವಳ ಹೆಸರಿಗೆ ಬರೆದ ದಾನಪತ್ರ."

ವೆರ್ನಾ ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಅದನ್ನೇ ಹದಿನಾಲ್ಕನೇ ಅಧ್ಯಾಯದ ಕೊನೆಗೆ ಬರೆದು ಕಳಿಸಿದಳು. ಸೋಮವಾರ ಕೆಂಡ್ರಾಳ ಫೋನು ಬಂತು.

"ಪಶ್ಚಾತ್ತಾಪ ಎಲ್ಲಿ? ಬರ್ತಾನೆ, ಹಲಗೆ ವಿಷಯ ಮಾತಾಡ್ತಾನೆ, ಕಾಫಿ ಕುಡೀತಾನೆ, ಪಾತ್ರೆ ಇಟ್ಟು ಹೋಗ್ತಾನೆ. ಒಂದು ಹನಿ ಕಣ್ಣೀರಿಲ್ಲ. ಹೀಗಾದ್ರೆ ಕರಾರು ರದ್ದು ಮಾಡ್ಬೇಕಾಗುತ್ತೆ."

ಕೆಂಡ್ರಾ ದಕ್ಷಿಣದ ಟೆನೆಸಿ ರಾಜ್ಯದವಳು, ಮನಸ್ಸಿನಲ್ಲಿದ್ದದ್ದನ್ನು ಬಾಯಿಬಿಟ್ಟು ಹೇಳುವ ಕಡೆಯವಳು. ಮನೆಗೆ ಬೆಂಕಿ ಬಿದ್ದರೂ 'ಸ್ವಲ್ಪ ಸೆಖೆ' ಎನ್ನುವ ನಮ್ಮ ಮಿನೆಸೋಟಾದವರು ಅವಳಿಗೆ ಹೇಗೆ ಅರ್ಥವಾಗಬೇಕು? ಆರ್ಲಿನ್ ಫೋನು ಕಸಿದುಕೊಂಡ.

"ನೋಡಮ್ಮ, ಕರಾರಿನ ಮಾತಿಗೆ ಎರಡರ್ಥ ಬಂದ್ರೆ ಬರೆದವರ ವಿರುದ್ಧವಾಗಿ ಓದ್ಬೇಕು. ಬರೆದವರು ನೀವು. 'ಅಳತಕ್ಕದ್ದು' ಅಂತ ಎಲ್ಲಿದೆ?"

"ಸರ್, ಜಗತ್ತಿನಲ್ಲಿ ಯಾರೂ ಅದನ್ನ ಕ್ಷಮೆ ಕೇಳಿದ್ದು ಅನ್ನಲ್ಲ."

ಮೂವತ್ತು ವರ್ಷ ಯಾವ ಪ್ರಶ್ನೆಗೂ ತಡವರಿಸದವನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡ.

"ಅದು ಕ್ಷಮೆ ಕೇಳಿದ್ದೇ" ಎಂದ.

"ನಿಮಗೆ ಹೇಗೆ ಗೊತ್ತು?"

"ಕೇಳಿದವನು ನಾನೇ."

ನಲವತ್ತಾರು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಇಂಥ ಮಾತು ಬಂದದ್ದು ಇದೇ ಮೊದಲು. ಅಷ್ಟರಲ್ಲಿ ಅಂಗಳದಲ್ಲಿ ಕಾರಿನ ಸದ್ದಾಗಿ, ವೆರ್ನಾ ಬಾಗಿಲಿಗೆ ಹೋದಳು.

ಆಚೆ ಕಡೆ ಕೆಂಡ್ರಾಳ ದನಿ ಇಳಿದಿತ್ತು. "ನಿಮ್ಮ ತಂಗಿ... ಒಪ್ಪಿದ್ರಾ?"

"ತಿಳಿಸೋವರೆಗೂ ಅದು ಒಪ್ಪಿಗೆ ಅಲ್ಲ" ಎಂದ ಆರ್ಲಿನ್, ಪಾಠ ಹೇಳುವ ದನಿಯಲ್ಲೇ. "ಅವಳಿನ್ನೂ ಏನೂ ತಿಳಿಸಿಲ್ಲ."

ವೆರ್ನಾ ಒಳಗೆ ಬಂದಳು. ಕಾರು ಆಗಲೇ ತಿರುವು ದಾಟಿ ಹೋಗಿತ್ತು. ಮೆಟ್ಟಿಲ ಮೇಲೆ ಸಿಕ್ಕಿದ ಗಾಜಿನ ಪಾತ್ರೆಯನ್ನು ಅವಳು ಗಂಡನ ಮುಂದಿಟ್ಟಳು. ಅದರ ತುಂಬ ಕೇಕು, ಇನ್ನೂ ಬೆಚ್ಚಗಿತ್ತು. ಆರ್ಲಿನ್ ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು, ಪಾತ್ರೆಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ ಅಡಿಯನ್ನು ನೋಡಿದ. ಹಳೆಯ ಟೇಪು ಹೋಗಿ ಹೊಸದು ಬಂದಿತ್ತು. ಕೆಂಡ್ರಾಳಿಗೆ ಕೇಳಿಸುವಂತೆ ಅವನು ಗಟ್ಟಿಯಾಗಿ ಓದಿದ:

"ಆರ್ಡಿಸ್. ಈ ಸಲ ಭಾನುವಾರದೊಳಗೆ ವಾಪಸ್ ಬರಬೇಕು."